ದರಕು ತರಲು ಹೋದವರು

ಸಂಕ್ರಾಂತಿ ಕಳೆದು ನಾಲ್ಕು ದಿನವಾಗಿತ್ತು. ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನೆಂಟರ ಮನೆಯ ಜಗುಲಿಯ ಮೇಲೆ ಕಾಫಿ ಕುಡಿಯುತ್ತ ಕೂತಿದ್ದೆ. ಅಂಗಳದಲ್ಲಿ ಅಡಿಕೆ ಹರವುತ್ತಿದ್ದರು. ಆ ಮನೆಗೆ ಕೆಲಸಕ್ಕೆ ಬರುವ ಹೆಂಗಸೊಬ್ಬರು ಮೆಟ್ಟಿಲ ಮೇಲೆ ಕೂತು, ಸೀರೆಯ ನೆರಿಗೆ ಮೇಲೆತ್ತಿ ಕಟ್ಟಿ, ಸಣ್ಣ ಬಾಟಲಿಯಿಂದ ಎಣ್ಣೆಯನ್ನು ಅಂಗೈಗೆ ಬಗ್ಗಿಸಿಕೊಂಡರು. ಪಾದ, ಹಿಮ್ಮಡಿ, ಬೆರಳ ಸಂದು, ಅಲ್ಲಿಂದ ಮೊಣಕಾಲಿನ ತನಕ ತಿಕ್ಕಿದರು. ಆಮೇಲೆ ಕೈ, ಕುತ್ತಿಗೆ. ಕಿವಿಯ ಹಿಂದೆಯೂ ಬೆರಳಾಡಿಸಿದರು. ಉಣುಗು ಹತ್ತದಿರಲೆಂದು ಆಶಾ ಕಾರ್ಯಕರ್ತೆ ಮನೆಮನೆಗೆ ಹಂಚಿಹೋದ ಡೇಪಾ ಎಣ್ಣೆ ಅದು. ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದಲ್ಲಿ ತಯಾರಾದ ಔಷಧಿಯನ್ನು ಇಂದು ಮಲೆನಾಡಿನ ಕೂಲಿ ಹೆಂಗಸರು ಹಚ್ಚಿಕೊಂಡು ಕಾಡಿಗೆ ಹೋಗುತ್ತಾರೆ. ಆಕೆ ತಲೆಗೊಂದು ಬಟ್ಟೆ ಸುತ್ತಿಕೊಂಡು ಹೆಡಿಗೆ ಎತ್ತಿದರು.

‘ಈ ದಿನಗಳಲ್ಲಿ ಕಾಡಿಗೆ ಹೋಗಬೇಡಿ ಅಂತ ಮೈಕಿನಲ್ಲಿ ಕೂಗ್ತಾರಲ್ಲ ಅಕ್ಕಾ?’ ಎಂದೆ.

‘ಕೂಗ್ತಾರೆ. ಕೊಟ್ಟಿಗೆಗೆ ದರಕು ಬೇಡ್ವಾ ತಮ್ಮಾ? ಮಳೆಗಾಲದಲ್ಲಿ ಗುಡಿಸಕ್ಕೆ ಬರ್ತದಾ? ಎಲೆ ಒಣಗಿ ಉದುರಿದಾಗ್ಲೇ ತರ್ಬೇಕು.’

ಅಷ್ಟು ಹೇಳಿ ಹೊರಟರು. ಮಂಗನ ಕಾಯಿಲೆಯ ಬಗ್ಗೆ ಎಷ್ಟೋ ವರದಿಗಳನ್ನು ಓದಿದ್ದೇನೆ. ಆ ವರದಿಗಳ ತಿರುಳೆಲ್ಲ ಈ ಎರಡು ಮಾತಿನಲ್ಲಿತ್ತು. ಎಲೆ ಒಣಗುವ ಕಾಲವೂ ಉಣುಗು ಕಚ್ಚುವ ಕಾಲವೂ ಒಂದೇ.

ಉಣುಗು ಎಂದರೆ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ದನದ ಕಿವಿಯೊಳಗೆ, ಗಂಗೆದೊಗಲಿನ ಮಡಿಕೆಯಲ್ಲಿ, ಬಾಲದ ಬುಡದಲ್ಲಿ ಹರಳು ಬೀಜದ ಹಾಗೆ ಊದಿಕೊಂಡು ಕೂತಿರುತ್ತದಲ್ಲ, ಅದೇ. ಚಿಕ್ಕಂದಿನಲ್ಲಿ ಸೀಮೆಎಣ್ಣೆಯ ಬಟ್ಟಲು ಹಿಡಿದು ಕರುವಿನ ಮೈಯಿಂದ ಉಣುಗು ತೆಗೆಯುವ ಕೆಲಸ ನಮ್ಮದೇ ಆಗಿತ್ತು. ಮನುಷ್ಯನಿಗೆ ಈ ಕಾಯಿಲೆ ತರುವುದು ಮಾತ್ರ ಹಾಗೆ ಕಣ್ಣಿಗೆ ಬೀಳುವ ದೊಡ್ಡ ಉಣುಗಲ್ಲ, ಅದರ ಮರಿ. ಮೊಟ್ಟೆಯೊಡೆದು ಬಂದಾಗ ಚುಕ್ಕಿಗಿಂತ ಚಿಕ್ಕದು. ಒಮ್ಮೆ ರಕ್ತ ಕುಡಿದು ಪೊರೆ ಕಳಚಿ ಎರಡನೆಯ ಹಂತಕ್ಕೆ ಬಂದಾಗ ಎಳ್ಳಿನ ಕಾಳಿಗಿಂತಲೂ ಸಣ್ಣದಾಗಿರುತ್ತದೆ. ವಿಜ್ಞಾನಿಗಳು ಇದನ್ನು ಹಿಡಿಯಲು ಬಿಳಿಯ ಫ್ಲಾನೆಲ್ ಬಟ್ಟೆಯನ್ನು ಕಾಡಿನ ನೆಲದ ಮೇಲೆ ಮೆಲ್ಲಗೆ ಎಳೆದುಕೊಂಡು ಹೋಗುತ್ತಾರೆ. ನಾಲ್ಕು ಹೆಜ್ಜೆಗೊಮ್ಮೆ ನಿಂತು ಬಟ್ಟೆ ಮಗುಚಿ, ಎಳೆಗಳ ನಡುವೆ ಅಂಟಿಕೊಂಡ ಕಂದು ಚುಕ್ಕೆಗಳನ್ನು ಚಿಮುಟದಲ್ಲಿ ಹೆಕ್ಕುತ್ತಾರೆ. ದರಕು ಗುಡಿಸುವವರ ಸೀರೆಯಂಚು ಕೂಡ ದಿನವಿಡೀ ಮಾಡುವುದು ಇದೇ ಕೆಲಸ. ಅದನ್ನು ಮಗುಚಿ ನೋಡುವ ಬಿಡುವು ಮಾತ್ರ ಅವರಿಗಿಲ್ಲ.

ಮಳೆ ಹಿಂದೆಗೆಯುತ್ತಿದ್ದಂತೆ ಮರಿಗಳು ಮೊಟ್ಟೆಯೊಡೆದು ಬರುತ್ತವೆ. ಇಲಿ, ಸೊಂಡಿಲಿ, ಅಳಿಲು, ಮಂಗ ಹೀಗೆ ಸಿಕ್ಕಿದ ಜೀವಿಯ ರಕ್ತ ಕುಡಿಯುತ್ತವೆ. ಆ ಜೀವಿಯಲ್ಲಿ ವೈರಾಣು ಇದ್ದರೆ ಅದು ಉಣುಗಿನ ಒಡಲು ಸೇರುತ್ತದೆ, ಪೊರೆ ಕಳಚಿದ ಮೇಲೂ ಅಲ್ಲಿಯೇ ಉಳಿಯುತ್ತದೆ. ಡಿಸೆಂಬರಿನಿಂದ ಮೇ ತನಕ ಈ ಎರಡನೆಯ ಹಂತದ ಉಣುಗುಗಳು ಮುಂದಿನ ಊಟಕ್ಕಾಗಿ ಒಣಗಿದ ಎಲೆಗಳ ತುದಿಯಲ್ಲಿ, ಹುಲ್ಲಿನ ಗರಿಗಳಲ್ಲಿ ಮುಂಗಾಲು ಚಾಚಿ ಕಾಯುತ್ತಿರುತ್ತವೆ. ಆಗಲೇ ನಮ್ಮವರು ಹೆಡಿಗೆ ಹೊತ್ತು ಸೊಪ್ಪಿನ ಬೆಟ್ಟ ಹತ್ತುತ್ತಾರೆ. ಸೌದೆ ಕೂಡಿಡುವುದು ಆಗಲೇ, ಕೊನೆಕೊಯ್ಲು ಆಗಲೇ. ಕಚ್ಚಿಸಿಕೊಂಡ ಮೂರರಿಂದ ಎಂಟು ದಿನದಲ್ಲಿ ಇದ್ದಕ್ಕಿದ್ದಂತೆ ಜ್ವರ ಏರುತ್ತದೆ. ಹಣೆ ಸಿಡಿಯುವ ತಲೆನೋವು, ಸೊಂಟ ಮತ್ತು ಮೀನಖಂಡದಲ್ಲಿ ಕಿತ್ತು ತಿನ್ನುವ ನೋವು, ಕೆಂಪೇರಿದ ಕಣ್ಣು. ಕೆಲವರಿಗೆ ವಸಡಿನಲ್ಲಿ, ಮೂಗಿನಲ್ಲಿ ರಕ್ತ. ವಾರ ಕಳೆದು ಜ್ವರ ಬಿಟ್ಟಿತೆಂದು ಎದ್ದು ಕೂತವರಲ್ಲಿ ಒಂದಷ್ಟು ಜನಕ್ಕೆ ಮತ್ತೆ ಮರುಕಳಿಸಿ, ಈ ಸಲ ಮಿದುಳಿಗೆ ತಾಗುತ್ತದೆ. ಕೈ ನಡುಗುತ್ತದೆ, ನಾಲಗೆ ತೊದಲುತ್ತದೆ. ನೂರು ಜನಕ್ಕೆ ಬಂದರೆ ಮೂರರಿಂದ ಐದು ಜನ ಉಳಿಯುವುದಿಲ್ಲ. ಇದಕ್ಕೆಂದೇ ಮದ್ದು ಇಲ್ಲ. ನೀರು, ಸಲೈನು, ಪ್ಲೇಟ್‌ಲೆಟ್ ಎಣಿಕೆಯ ಮೇಲೊಂದು ಕಣ್ಣು, ವಿಶ್ರಾಂತಿ. ಕೂಲಿಯವರ ಮನೆಯಲ್ಲಿ ಕೊನೆಯದೇ ಎಲ್ಲಕ್ಕಿಂತ ದುಬಾರಿ.

ಈ ಕಾಯಿಲೆ ಹೊರಬಿದ್ದದ್ದು 1957ರ ಮಾರ್ಚಿನಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ. ಮರದಿಂದ ಮಂಗಗಳು ಉದುರಿ ಸಾಯುತ್ತಿವೆ ಎಂಬ ಸುದ್ದಿ ಪುಣೆಯ ವೈರಾಣು ಸಂಶೋಧನಾ ಕೇಂದ್ರಕ್ಕೆ ಮುಟ್ಟಿದಾಗ ವಿಜ್ಞಾನಿಗಳು ಬೆಚ್ಚಿದ್ದರು. ಮಂಗಗಳನ್ನು ಹೀಗೆ ಕೊಲ್ಲುವುದು ದಕ್ಷಿಣ ಅಮೆರಿಕದ ಹಳದಿ ಜ್ವರ. ಅದು ಭಾರತಕ್ಕೆ ಕಾಲಿಟ್ಟಿರಲಿಲ್ಲ. ಕಾಲಿಟ್ಟರೆ ಗತಿಯೇನು ಎಂಬ ಭಯ ಆಗಲೇ ಇತ್ತು. ಊರಿನವರಿಗೆ ಬಂದಿದ್ದ ಜ್ವರವನ್ನು ಆಗ ಟೈಫಾಯಿಡ್ ಎಂದುಕೊಂಡಿದ್ದರು. ರಕ್ತದಿಂದ ವೈರಾಣುವನ್ನು ಬೇರ್ಪಡಿಸಿ ನೋಡಿದರೆ ಅದು ಹಳದಿ ಜ್ವರದ್ದಲ್ಲ, ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ಹತ್ತಿರದ ಬಂಧು. ಸೈಬೀರಿಯಾದ್ದು ಸೊರಬಕ್ಕೆ ಹೇಗೆ ಬಂತು? ವಲಸೆ ಹಕ್ಕಿಗಳ ಮೈಮೇಲೆ ಉಣುಗು ಕೂತು ಬಂದಿರಬಹುದೇ ಎಂಬ ಗುಮಾನಿ ಎದ್ದಿತು. ಸಲೀಂ ಅಲಿಯವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯಿಂದ 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಂದಿಗೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸ ಶುರುಮಾಡಿದ್ದರ ಹಿಂದೆ ಈ ಪ್ರಶ್ನೆಯೂ ಇತ್ತು. ನಮ್ಮ ದೇಶದ ವಲಸೆ ಹಕ್ಕಿಗಳ ಬಗ್ಗೆ ಇವತ್ತು ತಿಳಿದಿರುವುದರಲ್ಲಿ ಎಷ್ಟೋ ಭಾಗ ಮಲೆನಾಡಿನ ಒಂದು ಜ್ವರದ ಕಾರಣದಿಂದ ತಿಳಿದದ್ದು ಎಂಬುದನ್ನು ನೆನೆದರೆ ಸೋಜಿಗವಾಗುತ್ತದೆ.

ಸಾಗರದಲ್ಲಿ ಕ್ಷೇತ್ರ ಕೇಂದ್ರ ತೆರೆದು ವಿಜ್ಞಾನಿಗಳು ವರ್ಷಾನುಗಟ್ಟಲೆ ಕಾಡು ಸುತ್ತಿದರು. ಅವರಲ್ಲಿ ಕೊಲಂಬಿಯಾ ದೇಶದಿಂದ ಬಂದ ಜಾರ್ಜ್ ಬೊಶೆಲ್ ಒಬ್ಬರು. ತಮ್ಮ ದೇಶದಲ್ಲಿ ಹಳದಿ ಜ್ವರದ ಬೆನ್ನು ಹತ್ತಿದ್ದಾಗ, ಮರ ಕಡಿಯುವವರ ಕೊಡಲಿಗೆ ದೊಡ್ಡ ಮರ ಉರುಳಿದ ಕೂಡಲೇ ಮರದ ನೆತ್ತಿಯಲ್ಲಿದ್ದ ನೀಲಿ ಸೊಳ್ಳೆಗಳು ಕೆಳಗಿಳಿದು ಕೂಲಿಗಳನ್ನು ಮುತ್ತುವುದನ್ನು ಕಣ್ಣಾರೆ ಕಂಡಿದ್ದವರು. ಕಾಡಿನ ನೆತ್ತಿಯಲ್ಲಿ ತನ್ನ ಪಾಡಿಗೆ ಸುತ್ತುತ್ತಿದ್ದ ರೋಗವನ್ನು ನೆಲಕ್ಕೆ ಇಳಿಸಿದ್ದು ಕೊಡಲಿ ಎಂದು ಆಗಲೇ ಅವರಿಗೆ ಹೊಳೆದಿತ್ತು. ಅದೇ ಕಣ್ಣಿನಿಂದ ಅವರು ಶಿವಮೊಗ್ಗದ ಕಾಡಂಚನ್ನು ನೋಡಿದರು. 1969ರಲ್ಲಿ ಬರೆದ ಲೇಖನದಲ್ಲಿ ಅವರು ಕಾರಣವನ್ನು ಸೈಬೀರಿಯಾದಲ್ಲಿ ಹುಡುಕಲಿಲ್ಲ, ಇಲ್ಲಿಯೇ ತೋರಿಸಿದರು. ಜನ ಹೆಚ್ಚಿದರು, ಕಾಡು ಕಡಿದು ಗದ್ದೆ ಮಾಡಿದರು, ಉಳಿದ ಕಾಡಿಗೆ ದನ ಅಟ್ಟಿದರು. ದನದ ರಕ್ತ ಉಂಡ ಹೆಣ್ಣು ಉಣುಗು ಸಾವಿರಗಟ್ಟಲೆ ಮೊಟ್ಟೆಯಿಟ್ಟಿತು. ದನಕ್ಕೆ ಈ ಕಾಯಿಲೆ ಬರುವುದಿಲ್ಲ, ದನದಿಂದ ವೈರಾಣು ಹರಡುವುದೂ ಇಲ್ಲ. ಆದರೆ ಉಣುಗಿನ ಸಂತತಿಯನ್ನು ಸಾಕುವುದು ಅದೇ. ಹಿಂದೆಯೂ ಕಾಡಿನಲ್ಲಿದ್ದ ವೈರಾಣುವಿಗೆ ಅಂಚಿಗೆ ಬರಲು ನಾವೇ ಹಾದಿ ಮಾಡಿಕೊಟ್ಟೆವು.

1969ರಲ್ಲಿ ಬರೆದಿಟ್ಟ ಈ ಮಾತು ಆಮೇಲೆ ಎಷ್ಟು ಸಲ ನಿಜವಾಯಿತು! 1983ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯ ಕಡೆ ಗೇರು ತೋಟಕ್ಕಾಗಿ ಕಾಡು ಬೋಳಿಸಿದ ಜಾಗದ ಸುತ್ತ ಕಾಯಿಲೆ ಭುಗಿಲೆದ್ದಿತು. 2012ರಲ್ಲಿ ಬಂಡೀಪುರದ ಕಾಡಿನಲ್ಲಿ ಸತ್ತ ಮಂಗಗಳನ್ನು ಸುಟ್ಟ ವಾಚರುಗಳಿಗೆ ತಗುಲಿತು. ಅಲ್ಲಿಂದ ವಯನಾಡು, ನೀಲಗಿರಿ. ಉತ್ತರಕ್ಕೆ ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ. ಗೋವಾದಲ್ಲಿ ಹಾಸಿಗೆ ಹಿಡಿದವರು ಗೇರುಬೀಜ ಹೆಕ್ಕಲು ಹೋದವರು. ಕೇರಳದಲ್ಲಿ ಕಾಡನ್ನೇ ನಂಬಿದ ಆದಿವಾಸಿಗಳು. 2018ರ ಡಿಸೆಂಬರಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಶುರುವಾದದ್ದು ಇಡೀ ಊರಿಗೆ ಸೂತಕ ಹಿಡಿಸಿತು. ಆ ಬೇಸಿಗೆಯಲ್ಲಿ ಮನೆಗೆ ಬೀಗ ಹಾಕಿ ನೆಂಟರೂರಿಗೆ ಹೋದವರು ಇದ್ದಾರೆ. ಊರುಗಳ ಹೆಸರು ಬೇರೆ ಬೇರೆ. ಕಾಯಿಲೆ ಬಿದ್ದವರು ಮಾತ್ರ ಹೆಚ್ಚಿನ ಕಡೆ ಕಾಡಿನ ಅಂಚಿನಲ್ಲಿ ಬಗ್ಗಿ ಏನನ್ನೋ ಹೆಕ್ಕುತ್ತಿದ್ದವರೇ.

ಇತ್ತೀಚಿನ ಸಂಶೋಧನೆ ಈ ಅಂಚನ್ನು ಇನ್ನೂ ನಿಖರವಾಗಿ ಗುರುತಿಸಿದೆ. ಬ್ರಿಟನ್ನಿನ ಪರಿಸರ ವಿಜ್ಞಾನಿ ಬೆಥನ್ ಪರ್ಸ್ ಅವರ ತಂಡ, ಬೆಂಗಳೂರಿನ ಏಟ್ರೀ ಸಂಸ್ಥೆಯವರು, ನಮ್ಮ ಆರೋಗ್ಯ ಮತ್ತು ಪಶುವೈದ್ಯ ಇಲಾಖೆಗಳ ಜನ ಕೂಡಿ ಶಿವಮೊಗ್ಗ ಜಿಲ್ಲೆಯಲ್ಲಿ ಕಾಯಿಲೆ ಬಂದ ಜಾಗಗಳನ್ನೆಲ್ಲ ನಕ್ಷೆಯ ಮೇಲಿಟ್ಟು ನೋಡಿದರು. 2020ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಅಪಾಯ ಹೆಚ್ಚಿರುವುದು ನಿತ್ಯಹರಿದ್ವರ್ಣ ಕಾಡೂ ತೋಟವೂ ಹೆಣೆದುಕೊಂಡಿರುವ ಕಡೆ, ಅದರಲ್ಲೂ ನಾಟಿ ದನ ಹೆಚ್ಚಿರುವ ಕಡೆ. ಒಣ ಎಲೆಯುದುರುವ ಕಾಡುಗಳ ಸೀಮೆಯಲ್ಲಿ ಅಷ್ಟಿಲ್ಲ. ತುಂಡು ಕಾಡು, ಪಕ್ಕದಲ್ಲಿ ಅಡಿಕೆ ತೋಟ, ಅದಕ್ಕೊಂದು ಸೊಪ್ಪಿನ ಬೆಟ್ಟ, ನಡುವೆ ಗದ್ದೆ, ಕೊಟ್ಟಿಗೆಯಲ್ಲಿ ಮಲೆನಾಡು ಗಿಡ್ಡ. ಪಶ್ಚಿಮ ಘಟ್ಟದ ಅತಿ ಸುಂದರ ಚಿತ್ರವೆಂದು ಕ್ಯಾಲೆಂಡರಿನಲ್ಲಿ ಅಚ್ಚಾಗುವ ನೆಲ ಇದೇ.

ಓದಿದಾಗ ನನ್ನ ಎದೆಯಲ್ಲಿ ಒಂದು ಸಂಕಟ ಎದ್ದದ್ದು ನಿಜ. ನಮ್ಮ ಬದುಕಿನ ಕ್ರಮವೇ ತಪ್ಪೆಂದು ಈ ನಕ್ಷೆ ಹೇಳುತ್ತಿದೆಯೇ? ಇಲ್ಲ ಎಂದು ಈಗ ಅನ್ನಿಸುತ್ತದೆ. ನಮ್ಮ ಎಚ್ಚರಿಕೆಯ ಮಾತುಗಳು ಎಲ್ಲಿಂದ ಶುರುವಾಗಬೇಕೆಂಬುದನ್ನು ಅದು ಹೇಳುತ್ತಿದೆ. ‘ಕಾಡಿಗೆ ಹೋಗಬೇಡಿ’ ಎಂಬ ಸೂಚನೆ ಹೊರಡುವುದು ಕಚೇರಿಯ ಮೇಜಿನಿಂದ. ದರಕು ಬೇಕೇಬೇಕು ಎಂಬಲ್ಲಿಂದ ಹೊರಟರೆ ಸೂಚನೆಯೇ ಬೇರೆಯಾಗುತ್ತದೆ. ಯಾವ ಬೆಟ್ಟದಲ್ಲಿ ಈ ವರ್ಷ ಮಂಗ ಸತ್ತಿದೆ, ಅದನ್ನು ಬಿಟ್ಟು ಯಾವ ಬೆಟ್ಟದಲ್ಲಿ ಗುಡಿಸಬಹುದು ಎಂದು ಊರಿಗೇ ಹೇಳಬೇಕು. ದರಕಿನ ಕೆಲಸಕ್ಕೆ ಮೊದಲು ಪ್ರತಿ ಮನೆಗೆ ಎಣ್ಣೆ ತಲುಪಿರಬೇಕು, ಕಾಯಿಲೆ ಕಂಡುಬಂದ ಮೇಲೆ ಅಲ್ಲ. ಮೊಣಕಾಲಿನ ತನಕ ಬರುವ ಬೂಟು ತೋಟದ ಯಜಮಾನರ ಮನೆಯಲ್ಲಿ ಮಾತ್ರ ಇದ್ದರೆ ಸಾಲದು, ಕೆಲಸಕ್ಕೆ ಬರುವವರ ಕಾಲಿನಲ್ಲೂ ಇರಬೇಕು. ಕೊಟ್ಟಿಗೆಯ ದನದ ಉಣುಗಿಗೆ ಮದ್ದು ಹಾಕುವ ಪಶುವೈದ್ಯರೂ ಜ್ವರ ನೋಡುವ ವೈದ್ಯರೂ ಒಂದೇ ಪಟ್ಟಿ ಹಿಡಿದು ಊರೊಳಗೆ ಬರಬೇಕು. ಇದನ್ನೆಲ್ಲ ಮಾಡುತ್ತಿರುವ ಆರೋಗ್ಯ ಕೇಂದ್ರಗಳು ಇಲ್ಲದಿಲ್ಲ. ಅಲ್ಲಿನ ಕಾರ್ಯಕರ್ತೆಯರು ಸಂಜೆಗತ್ತಲಲ್ಲಿ ಒಂಟಿ ಮನೆಗಳಿಗೆ ನಡೆದು ಹೋಗಿ ಜ್ವರ ವಿಚಾರಿಸುವುದನ್ನು ನೋಡಿದ್ದೇನೆ. ಅವರ ಬಗ್ಗೆ ನನಗಿರುವ ಗೌರವಕ್ಕೆ ಮಾತು ಸಾಲದು.

ಸತ್ತ ಮಂಗದ ಸುದ್ದಿಗೆ ಮಲೆನಾಡಿನಲ್ಲಿ ಯಾಕೆ ಇಷ್ಟು ತೂಕ ಎಂದು ಪೇಟೆಯ ಗೆಳೆಯರು ಕೇಳುತ್ತಾರೆ. ಮುಸಿಯಕ್ಕೂ ಕೆಂಪು ಮೋರೆಯ ಮಂಗಕ್ಕೂ ಈ ವೈರಾಣು ತಗುಲಿದರೆ ನಮಗಿಂತ ಬೇಗ, ನಮಗಿಂತ ಘೋರವಾಗಿ ಸಾಯುತ್ತವೆ. ಮಂಗನ ರಕ್ತದಲ್ಲಿ ವೈರಾಣು ತುಂಬಿ ತುಳುಕುವ ಹೊತ್ತಿಗೆ ನೂರಾರು ಮರಿ ಉಣುಗುಗಳು ಅದರ ಮೈಮೇಲಿರುತ್ತವೆ. ಮೈ ತಣ್ಣಗಾದೊಡನೆ ಅವೆಲ್ಲ ಇಳಿದು ಸುತ್ತಲಿನ ದರಕಿಗೆ ಸೇರುತ್ತವೆ. ಮಂಗ ಬಿದ್ದ ಜಾಗದ ಸುತ್ತಲೂ ಐವತ್ತು ಮೀಟರಿನ ವರ್ತುಲ ಹಾಕಿ ಉಣುಗು ಸಾಯಿಸುವ ಪುಡಿ ಎರಚುವುದು ಅದಕ್ಕೇ. ಬಿದ್ದ ದಿನವೇ ಸುದ್ದಿ ಮುಟ್ಟಿದರೆ ವರ್ತುಲಕ್ಕೆ ಅರ್ಥವಿದೆ, ವಾರ ಕಳೆದು ಮುಟ್ಟಿದರೆ ಇಲ್ಲ. ಈ ಕಾರಣಕ್ಕೆ ‘ಮಂಗನ ಕಾಯಿಲೆ’ ಎಂಬ ಹೆಸರು ನನಗೆ ಎಂದೂ ಒಗ್ಗಿಲ್ಲ. ಹೆಸರು ಕೇಳಿದವರು ಮಂಗನಿಂದ ಬರುತ್ತದೆ ಎಂದುಕೊಂಡು ಮಂಗನನ್ನು ಓಡಿಸುತ್ತಾರೆ, ಕೊಲ್ಲುತ್ತಾರೆ. ಮಂಗನೂ ನಮ್ಮ ಹಾಗೆ ಕಚ್ಚಿಸಿಕೊಂಡವನೇ. ಮೊದಲು ಸಾಯುವವನು ಅವನಾದ್ದರಿಂದ ನಮಗೆ ಸುದ್ದಿ ಸಿಗುತ್ತದೆ, ಅಷ್ಟೇ. ಮನುಷ್ಯನಿಂದ ಮನುಷ್ಯನಿಗೂ ಇದು ಹರಡುವುದಿಲ್ಲ. ಕಾಯಿಲೆಯವರ ಮನೆಗೆ ಹೋಗಲು ಹೆದರುವ ಕಾರಣವೇ ಇಲ್ಲ. ಆದರೂ ಜ್ವರ ಬಂದ ಮನೆಯ ಮದುವೆ ಮಾತು ಮುಂದಕ್ಕೆ ಹೋದದ್ದನ್ನು ಕೇಳಿದ್ದೇನೆ.

ಇನ್ನು ಲಸಿಕೆ. ನನಗೆ ಹೆಚ್ಚು ನೋವಾಗುವುದು ಇಲ್ಲಿ. ಕೋಳಿಮೊಟ್ಟೆಯ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ ಫಾರ್ಮಲಿನ್‌ನಿಂದ ಸಾಯಿಸಿದ ವೈರಾಣುವಿನ ಹಳೆಯ ಲಸಿಕೆಯೊಂದು ದಶಕಗಳ ಕಾಲ ಇತ್ತು. ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆರರಿಂದ ಒಂಬತ್ತು ತಿಂಗಳಿಗೆ ಇನ್ನೊಂದು, ಆಮೇಲೆ ವರ್ಷಕ್ಕೊಮ್ಮೆ. ಚುಚ್ಚಿದ ತೋಳು ಊದಿ, ಎರಡು ದಿನ ಕೆಲಸಕ್ಕೆ ಹೋಗಲಾಗದೆ ನರಳಿದವರು ಎರಡನೆಯ ಸಲ ಬರುತ್ತಿರಲಿಲ್ಲ. 2005ರಿಂದ 2010ರ ತನಕದ ಲೆಕ್ಕ ತೆಗೆದ ಅಧ್ಯಯನವೊಂದರ ಪ್ರಕಾರ ಎರಡು ಡೋಸಿನಿಂದ ಸಿಕ್ಕ ರಕ್ಷಣೆ ಶೇ 62ರಷ್ಟು, ಮೂರನೆಯದೂ ಸೇರಿದರೆ ಶೇ 83ರಷ್ಟು. ಕೆಟ್ಟದ್ದೇನಲ್ಲ. ಆದರೆ ಮೂರನ್ನೂ ಪೂರೈಸಿದವರು ಕಡಿಮೆ. ಬರಬರುತ್ತ ಲಸಿಕೆಯ ಬಲವೇ ಕುಂದಿತು, 2022ರ ಹೊತ್ತಿಗೆ ಅದನ್ನು ನಿಲ್ಲಿಸಲಾಯಿತು. ಅಂದಿನಿಂದ ಪ್ರತಿ ಬೇಸಿಗೆಯೂ ಮಲೆನಾಡಿಗೆ ಲಸಿಕೆಯಿಲ್ಲದ ಬೇಸಿಗೆ. ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ರೂಪಿಸಿರುವ ಹೊಸ ಲಸಿಕೆ ಪ್ರಾಣಿಗಳ ಮೇಲಿನ ಪರೀಕ್ಷೆ ದಾಟಿ ಮನುಷ್ಯರ ಮೇಲಿನ ಪರೀಕ್ಷೆಯ ಘಟ್ಟಕ್ಕೆ ಬಂದಿದೆ. ಎರಡೇ ಡೋಸು, ನಡುವೆ 28 ದಿನ. ಈ ಸುದ್ದಿಯನ್ನು ಪತ್ರಿಕೆಯ ಒಳಪುಟದಲ್ಲಿ ಓದಿದ ದಿನ ಮಲೆನಾಡಿನ ಪರಿಚಯದವರಿಗೆಲ್ಲ ಫೋನು ಮಾಡಿ ಹೇಳಿದೆ.

ಕಾಯಿಲೆ ಗೊತ್ತಾಗಿ ಎಪ್ಪತ್ತು ವರ್ಷಗಳಾಗುತ್ತ ಬಂದವು. ಕೊರೊನಾಕ್ಕೆ ವರ್ಷದೊಳಗೆ ಲಸಿಕೆ ಬಂದದ್ದನ್ನು ನಾವೆಲ್ಲ ಕಂಡಿದ್ದೇವೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ, ಒಪ್ಪುತ್ತೇನೆ. ವರ್ಷಕ್ಕೆ ಕೆಲವೇ ನೂರು ಜನಕ್ಕೆ ಬರುವ, ಕೆಲವು ಜಿಲ್ಲೆಗಳ ಕಾಯಿಲೆ ಇದು. ವೈರಾಣು ಎಷ್ಟು ಅಪಾಯದ್ದೆಂದರೆ ಅದರ ಮೇಲೆ ಕೆಲಸ ಮಾಡಿದ ಪ್ರಯೋಗಾಲಯದವರೇ ಹಿಂದೆ ಕಾಯಿಲೆ ಬಿದ್ದದ್ದುಂಟು. ಆದರೂ ಕೇಳದೆ ಇರಲಾರೆ. ಕಾಯಿಲೆ ಬೀಳುವವರು ದರಕು ಗುಡಿಸುವವರು, ಸೌದೆ ಆಯುವವರು, ಗೇರುಬೀಜ ಹೆಕ್ಕುವವರು ಆಗಿರದಿದ್ದರೆ ನಾವು ಇಷ್ಟು ಕಾಲ ಕಾಯುತ್ತಿದ್ದೆವೇ?

ಅವತ್ತು ಆ ಹೆಂಗಸು ಮಧ್ಯಾಹ್ನ ಒಂದೂವರೆಗೆ ವಾಪಸು ಬಂದರು. ಹೆಡಿಗೆಯ ಮೇಲೆ ಇನ್ನೊಂದು ಹೆಡಿಗೆಯಷ್ಟು ದರಕು ಒತ್ತಿ ತುಂಬಿ ಬಳ್ಳಿ ಬಿಗಿದಿದ್ದರು. ಕೊಟ್ಟಿಗೆಯ ಮೂಲೆಗೆ ಸುರಿದು, ನೇರ ಬಚ್ಚಲಿನ ಕಡೆ ನಡೆದರು. ಹಂಡೆಯಲ್ಲಿ ನೀರು ಮರಳುತ್ತಿತ್ತು. ಸ್ನಾನ ಮುಗಿಸಿ, ಉಟ್ಟಿದ್ದ ಸೀರೆಯನ್ನು ಬಿಸಿನೀರಿನ ಬಕೆಟ್ಟಿಗೆ ಅದ್ದಿಟ್ಟು, ಬೇರೆ ಸೀರೆಯುಟ್ಟು ಬಿಸಿಲಿನಲ್ಲಿ ಕೂತರು. ಅವರ ಸೊಸೆ ಬಾಚಣಿಗೆ ಹಿಡಿದು ತಲೆ ನೋಡಿದಳು, ಆಮೇಲೆ ಕುತ್ತಿಗೆ, ಕಂಕುಳು. ಮೊಣಕಾಲಿನ ಹಿಂದಿನ ಮಡಿಕೆಯಲ್ಲಿ ಬೆರಳು ನಿಂತಿತು.

‘ಅತ್ತೇ, ಅಲುಗಾಡ್ಬೇಡಿ. ಒಂದಿದೆ.’

ಚಿಮುಟದಲ್ಲಿ ಬುಡಕ್ಕೆ ಹಿಡಿದು ಮೆಲ್ಲಗೆ ನೇರಕ್ಕೆ ಎಳೆದಳು. ಉಗುರಿನಲ್ಲಿ ಕುಕ್ಕಲಿಲ್ಲ, ಕುಕ್ಕಬಾರದೆಂದು ಆಶಾ ಅಕ್ಕ ಹೇಳಿಕೊಟ್ಟಿದ್ದಳಂತೆ. ಬಚ್ಚಲ ಒಲೆಯ ಕೆಂಡಕ್ಕೆ ಹಾಕಿ ಬಂದು, ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ಪೆನ್ನಿನಿಂದ ಒಂದು ಗುರುತು ಹಾಕಿದಳು. ಅಲ್ಲಿಂದ ಎಂಟು ದಿನ ಎಣಿಸಿ, ಎಂಟನೆಯ ದಿನಕ್ಕೂ ಒಂದು ಗುರುತು ಹಾಕಿದಳು. ಆಮೇಲೆ ಇನ್ನೊಂದು ಕಾಲು ನೋಡಲು ಕೂತಳು.